ಒತ್ತು ಎಲ್ಲಿ ಕೊಡಬೇಕು?

(ಪ್ರಾಥಮಿಕ ಶಾಲಾ ಶಿಕ್ಷಕರ ಸಮಾಲೋಚನಾ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಓಟದಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ. ತಕರಾರುಗಳನ್ನು ಹಾಗೆಯೇ ಉಳಿಸಿದ್ದೇನೆ.)

ಊಟವಾದ ಮೇಲಿನ ಅವಧಿಯನ್ನು ನನಗೆ ಕೊಟ್ಟಿದ್ದಾರೆ. ಮಕ್ಕಳಿಗೆ ಈ ಹೊತ್ತಿನಲ್ಲಿ ನಾವು ಗಣಿತ ಹೇಳಿಕೊಡುತ್ತೇವೆ, ಅವು ತೂಕಡಿಸಿದರೆ ಗದರುತ್ತೇವೆ. ಇವತ್ತು ನೀವು ತೂಕಡಿಸಿದರೆ ನಾನು ಗದರುವುದಿಲ್ಲ. ಮೊದಲು ಒಂದು ಸಣ್ಣ ಕೆಲಸ. ಒಂದನೇ ತರಗತಿಗೆ ಬರುವ ಮಗು ಮನೆಯಲ್ಲಿ ದಿನವೂ ಆಡುವ ಹತ್ತು ಪದಗಳನ್ನು ಹೇಳಿ, ನಾನು ಹಲಗೆಯ ಮೇಲೆ ಬರೆಯುತ್ತೇನೆ.

ನೀವು ಹೇಳಿದ್ದು ಇವು: ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಜ್ಜಿ, ಅನ್ನ, ಮುದ್ದೆ, ಹೊಟ್ಟೆ, ಇಲ್ಲ, ಬೇಡ. ಇದರಲ್ಲಿ ಒತ್ತಕ್ಷರ ಇಲ್ಲದ ಪದ ಯಾವುದು? ಬೇಡ ಒಂದೇ. ಬಂಧುಗಳು, ಊಟ, ಹಸಿವು, ನಿರಾಕರಣೆ ಎಲ್ಲವೂ ಒತ್ತಿನಲ್ಲಿವೆ. ಅಕ್ಕಿ, ರೊಟ್ಟಿ, ಉಪ್ಪು, ಬೆಲ್ಲ, ಮೊಟ್ಟೆ ಎಂದು ಅಡುಗೆಮನೆಯೊಳಗೆ ಹೋಗಿ. ಕಣ್ಣು, ಹಲ್ಲು ಎಂದು ಮೈಮೇಲೆ ಬನ್ನಿ. ಹಳ್ಳ, ಕಲ್ಲು, ಬೆಟ್ಟ ಎಂದು ಊರ ಹೊರಗೆ ನಡೆಯಿರಿ. ಕನ್ನಡದ ಮಗು ಒತ್ತಿನಲ್ಲಿ ಹುಟ್ಟಿ ಒತ್ತಿನಲ್ಲಿ ಬೆಳೆಯುತ್ತದೆ. ನಾವು ಮಾತ್ರ ಒತ್ತಕ್ಷರವನ್ನು ಕಟ್ಟಕಡೆಗೆ ಇಟ್ಟಿದ್ದೇವೆ. ಮೊದಲು ಮೂಲಾಕ್ಷರ, ಆಮೇಲೆ ಕಾಗುಣಿತ, ಅದೆಲ್ಲ ಮುಗಿದ ಮೇಲೆ ಎರಡನೇ ತರಗತಿಯಲ್ಲಿ ಎಂದೋ ಒಂದು ದಿನ ಒತ್ತಕ್ಷರ. ಅಲ್ಲಿಯವರೆಗೆ ಮಗು ತನ್ನ ಅಮ್ಮನನ್ನು ಓದಲು ಕಾಯಬೇಕು. ಕಾಯುವಾಗ ಏನು ಓದುತ್ತದೆ? ಅರಸ, ಅಗಸ, ಗರಗಸ.

ಅರಸನ ಮೇಲೆ ನನಗೆ ದ್ವೇಷವಿಲ್ಲ. ಮೂವತ್ತೊಂದು ವರ್ಷ ಸರ್ಕಾರಿ ಶಾಲೆಗಳಲ್ಲಿ ಕೆಲಸ ಮಾಡಿದ್ದೇನೆ, ಅದರಲ್ಲಿ ಹೆಚ್ಚಿನ ವರ್ಷ ಒಂದು, ಎರಡನೇ ತರಗತಿಗಳಲ್ಲಿ. ಎಷ್ಟು ಸಾವಿರ ಸಲ ಆ ಅರಸನಿಗೆ ಪಟ್ಟ ಕಟ್ಟಿದ್ದೇನೋ ಲೆಕ್ಕವಿಲ್ಲ. ಆ ಪದಗಳು ಏಕೆ ಬಂದವು ಎಂಬುದೂ ಗೊತ್ತು. ಅದನ್ನು ನ್ಯಾಯವಾಗಿ ಹೇಳಬೇಕು.

ನಾವೆಲ್ಲ ಕಲಿತದ್ದು ಅ ಆ ಇ ಈ ಕ್ರಮದಲ್ಲಿ. ಹದಿಮೂರು ಸ್ವರ, ಎರಡು ಯೋಗವಾಹ, ಮೂವತ್ತನಾಲ್ಕು ವ್ಯಂಜನ, ಒಟ್ಟು 49. ವ್ಯಾಕರಣದ ಕಣ್ಣಿನಿಂದ ನೋಡಿದರೆ ಇದರಷ್ಟು ಅಂದವಾದ ಜೋಡಣೆ ಇನ್ನೊಂದಿಲ್ಲ. ಗಂಟಲಿನಿಂದ ಹೊರಟು ತುಟಿಯವರೆಗೆ ವರ್ಗ ವರ್ಗವಾಗಿ ಬರುವ ವ್ಯಂಜನಗಳನ್ನು ಹೇಳುವಾಗ ನನಗೆ ಇವತ್ತಿಗೂ ಸಂತೋಷವಾಗುತ್ತದೆ. ಆದರೆ ಓದಲು ಕಲಿಯುವ ಮಗುವಿನ ಕಡೆಯಿಂದ ನೋಡಿ. ಸ್ವರಾಕ್ಷರ ಪದದ ಮೊದಲಲ್ಲಿ ಮಾತ್ರ ತನ್ನ ಪೂರ್ಣರೂಪದಲ್ಲಿ ಬರುತ್ತದೆ. ಪದದ ಒಳಗೆ ಅದು ಇಳಿಯಾಗಿ, ಗುಡಿಸಾಗಿ, ಕೊಂಬಾಗಿ ವೇಷ ಮರೆಸಿಕೊಂಡಿರುತ್ತದೆ. ತಿಂಗಳುಗಟ್ಟಲೆ ತಿದ್ದಿ ಹದಿಮೂರು ಸ್ವರ ಕಲಿತ ಮಗುವಿಗೆ ಓದಲು ಸಿಗುವ ಪದಗಳು ಆ, ಈ, ಏ, ಓ. ದನ ಕರೆಯುವುದಕ್ಕೆ ಸಾಕು.

ಈ ಕಗ್ಗಂಟನ್ನು ಬಿಡಿಸಲು ಹೊರಟದ್ದು ನಲಿ-ಕಲಿ ಎಂಬ ಕಲಿಕಾ ಪದ್ಧತಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಯುನಿಸೆಫ್ ನೆರವಿನಿಂದ, ಆಂಧ್ರದ ರಿಷಿವ್ಯಾಲಿ ಶಾಲೆಯವರ ಗ್ರಾಮೀಣ ಶಾಲೆಗಳನ್ನು ನೋಡಿಬಂದ ಶಿಕ್ಷಕರೇ ಸೇರಿ ರೂಪಿಸಿದ್ದು. ಇದು ಶಿಕ್ಷಕರು ಮಾಡಿದ ಕೆಲಸ ಎಂಬುದನ್ನು ಎರಡು ಸಲ ಹೇಳುತ್ತೇನೆ, ಏಕೆಂದರೆ ನಾವೇ ಅದನ್ನು ಮರೆತಿದ್ದೇವೆ. 2009-10ರ ಹೊತ್ತಿಗೆ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಒಂದು ಮತ್ತು ಎರಡನೇ ತರಗತಿಗಳಿಗೆ ಹರಡಿತು. ಅಲ್ಲಿ ಅಕ್ಷರದ ಕ್ರಮ ಬದಲಾಯಿತು. ಮೊದಲ ಗುಂಪು ರ, ಗ, ಸ, ದ, ಅ. ಬರೆಯಲು ಸುಲಭ, ಕೂಡಿಸಿದರೆ ತಕ್ಷಣ ಪದ. ಸರ, ದರ, ಅರಸ. ಐದೇ ಅಕ್ಷರ ಕಲಿತ ಮಗು ಗರಗಸ ಎಂದು ಓದಿಬಿಡುತ್ತದೆ. ಅ ಆ ಇ ಈ ಓದಿ ಬೆಳೆದ ನಮಗೆ ಅದು ಪವಾಡದಂತೆ ಕಂಡಿತ್ತು. ಮಕ್ಕಳು ತಟ್ಟೆಗಳೆಂಬ ಗುಂಪುಗಳಲ್ಲಿ ಕೂರುವುದು, ಒಂದು ತಟ್ಟೆಗೆ ಶಿಕ್ಷಕರ ಬೆಂಬಲ, ಇನ್ನೊಂದಕ್ಕೆ ಸಹಪಾಠಿಯ ಬೆಂಬಲ, ಮತ್ತೊಂದರಲ್ಲಿ ಸ್ವಕಲಿಕೆ. ಕಲಿಕೆಯ ಹಂತಗಳನ್ನು ಮೆಟ್ಟಿಲು ಮೆಟ್ಟಿಲಾಗಿ ತೋರಿಸುವ ಕಲಿಕಾ ಏಣಿಯಲ್ಲಿ ತಾನು ಎಲ್ಲಿದ್ದೇನೆಂದು ಮಗುವೇ ನೋಡಿ, ಆ ಹಂತದ ಚಟುವಟಿಕೆಯ ಕಾರ್ಡನ್ನು ತಾನೇ ತೆಗೆದುಕೊಳ್ಳುವುದು. ವಾರಗಟ್ಟಲೆ ಜ್ವರ ಬಂದು ಮಲಗಿದ್ದ ಮಗು ಬಿಟ್ಟಲ್ಲಿಂದಲೇ ಮುಂದುವರಿಯಬಹುದಿತ್ತು. ಸುಗ್ಗಿಯಲ್ಲಿ ಅಪ್ಪ ಅಮ್ಮನ ಹಿಂದೆ ಕೂಲಿಗೆ ಹೋಗಿ ಬರುವ ಮಕ್ಕಳಿರುವ ಊರಿನಲ್ಲಿ ಇದು ದೊಡ್ಡ ಮಾತು.

ಹಾಗಾದರೆ ಎಡವಿದ್ದೆಲ್ಲಿ? ನನ್ನ ತರಗತಿಯ ಮಟ್ಟಿಗೆ ಹೇಳುತ್ತೇನೆ. ಏಣಿ ಹತ್ತುವುದೇ ಕೆಲಸವಾಯಿತು. ಯಾವ ಮಗು ಎಷ್ಟನೇ ಮೈಲಿಗಲ್ಲಿನಲ್ಲಿದೆ ಎಂದು ಕೇಳಿದರೆ ನಿದ್ದೆಗಣ್ಣಿನಲ್ಲಿಯೂ ಹೇಳುತ್ತಿದ್ದೆ. ಆ ಮಗು ಕಳೆದ ವಾರ ಯಾವ ಕತೆ ಕೇಳಿ ನಕ್ಕಿತು ಎಂದು ಕೇಳಿದ್ದರೆ ಉತ್ತರವಿರಲಿಲ್ಲ. ಕತೆಯನ್ನೇ ಹೇಳಿರಲಿಲ್ಲವಲ್ಲ.

ನನ್ನ ಕಣ್ಣು ತೆರೆಸಿದ್ದು ಒಂದು ಆಡು.

ಅದು ಕಾಡಂಚಿನ ಊರು. ಒಂದನೇ ತರಗತಿಯಲ್ಲಿ ಒಬ್ಬ ಹುಡುಗ ಇದ್ದ. ಏಣಿಯ ಕೆಳಗಿನ ಮೆಟ್ಟಿಲು ಬಿಟ್ಟು ಮೇಲೇಳುತ್ತಿರಲಿಲ್ಲ. ಒಂದು ಬೆಳಿಗ್ಗೆ ತಡವಾಗಿ ಬಂದ. ಏಕೆ ಎಂದು ಕೇಳಿದರೆ ಕಣ್ಣಗಲಿಸಿಕೊಂಡು, “ನಮ್ಮ ಆಡು ಎರಡು ಮರಿ ಹಾಕಿದೆ ಮಿಸ್” ಎಂದ. ಇಡೀ ತರಗತಿ ಅವನ ಸುತ್ತ ನೆರೆಯಿತು. ಬಣ್ಣ ಯಾವುದು, ನಿಂತವೋ ಇಲ್ಲವೋ, ಹಾಲು ಕುಡಿದವೋ ಇಲ್ಲವೋ. ಇನ್ನು ಇವತ್ತು ಕಾರ್ಡು ಕೈಗೆ ಬರುವುದಿಲ್ಲ ಎನಿಸಿ, ಇರಲಿ ಎಂದು ಅವನ ಮಾತನ್ನು ಹಲಗೆಯ ಮೇಲೆ ಬರೆದೆ: “ನಮ್ಮ ಮೇಕೆ ಎರಡು ಮರಿ ಹಾಕಿದೆ.” ಓದಿಯೂ ಹೇಳಿದೆ. ಓದುವಾಗ ಮಾತ್ರ ಅವನ ಮಾತಿನ ಗುಂಗಿನಲ್ಲಿ ‘ಆಡು’ ಎಂದೇ ಓದಿದ್ದೆ. ಹುಡುಗ ಹಲಗೆಯನ್ನು ನೋಡುತ್ತಾ ನಿಂತ. ಆಮೇಲೆ ಹತ್ತಿರ ಬಂದು, “ಮಿಸ್, ಇದರಲ್ಲಿ ಆನೆಯ ಆ ಇಲ್ಲ” ಎಂದ.

ನಾನು ಮೂರು ತಿಂಗಳಿಂದ ‘ಇವನಿಗೆ ಅಕ್ಷರ ಹತ್ತುವುದಿಲ್ಲ’ ಎಂದು ಬರೆದಿಟ್ಟಿದ್ದ ಹುಡುಗ. ಹಲಗೆಯ ಮೇಲೆ ಇಲ್ಲದ ಅಕ್ಷರವನ್ನು ಕಂಡುಹಿಡಿದಿದ್ದ. ಇರುವ ಅಕ್ಷರವನ್ನು ಗುರುತಿಸುವುದು ಸುಲಭ. ಇರಬೇಕಾದದ್ದು ಇಲ್ಲ ಎನ್ನಬೇಕಾದರೆ ಮಾತಿನ ಸದ್ದಿಗೂ ಬರಹದ ಗೆರೆಗೂ ನಡುವಿನ ಗುಟ್ಟು ತಿಳಿದಿರಬೇಕು. ಆ ಗುಟ್ಟು ಅವನಿಗೆ ಗರಗಸದಲ್ಲಿ ಸಿಕ್ಕಿರಲಿಲ್ಲ, ಆಡಿನಲ್ಲಿ ಸಿಕ್ಕಿತು. ‘ಮೇಕೆ’ ಒರೆಸಿ ‘ಆಡು’ ಬರೆದೆ. ಅವನು ಆ ವಾಕ್ಯವನ್ನು ಆ ದಿನ ಎಷ್ಟು ಸಲ ಓದಿದನೋ. ‘ನಮ್ಮ’ದಲ್ಲಿ ಮ ಒತ್ತು ಇತ್ತು. ಅದು ಎರಡನೇ ತರಗತಿಯ ಪಾಠ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಅವತ್ತಿನಿಂದ ಬೆಳಗಿನ ಮೊದಲ ಹದಿನೈದು ನಿಮಿಷ ‘ಇವತ್ತಿನ ಮಾತು’ ಎಂದು ಇಟ್ಟುಕೊಂಡೆ. ಯಾರಾದರೂ ಒಬ್ಬರ ಒಂದು ಮಾತು, ಅವರು ಆಡಿದ ಹಾಗೆಯೇ. ಬರೆಯುವಾಗ ಪ್ರತಿ ಅಕ್ಷರದ ಸದ್ದನ್ನು ಬಾಯಲ್ಲಿ ಹೇಳುತ್ತಾ ಬರೆಯುತ್ತೇನೆ. ಎಲ್ಲರೂ ಬೆರಳಿಟ್ಟು ಓದುತ್ತಾರೆ. ಆಮೇಲೆ ಅದನ್ನು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು, ಪದ ಪದ ಕತ್ತರಿಸಿ, ಕಲೆಸಿ, ಮತ್ತೆ ಜೋಡಿಸಲು ಕೊಡುತ್ತೇನೆ. ಜೋಡಿಸಿದ್ದು ತಪ್ಪಾದರೆ “ಎರಡು ನಮ್ಮ ಮರಿ ಆಡು ಹಾಕಿದೆ” ಎಂದಾಗಿ ಮಕ್ಕಳೇ ಬಿದ್ದು ಬಿದ್ದು ನಗುತ್ತಾರೆ. ಆ ನಗು ಬಂತೆಂದರೆ ಅರ್ಥ ಹಿಡಿಯುತ್ತಿದ್ದಾರೆ ಎಂದು ಗೊತ್ತಾಗುತ್ತದೆ. ಬೇರೆ ಮೌಲ್ಯಮಾಪನ ಬೇಡ.

ಇಷ್ಟು ಹೇಳಿದ ಕೂಡಲೇ ಕೆಲವರು, ‘ಹಾಗಾದರೆ ಅಕ್ಷರ ಕಲಿಸುವುದೇ ಬೇಡವೇ? ಮಾತಿನಿಂದ ಎಲ್ಲ ತಾನಾಗಿ ಬರುತ್ತದೆಯೇ?’ ಎಂದು ಕೇಳುತ್ತಾರೆ. ಬರುವುದಿಲ್ಲ. ಇಲ್ಲಿ ನನಗೆ ಇನ್ನೊಂದು ಪಕ್ಷದವರ ಜೊತೆಗೂ ಜಗಳವಿದೆ. ಮಗು ಪುಸ್ತಕಗಳ ನಡುವೆ ಕುಳಿತರೆ ಸಾಕು, ಓದು ಹೂವಿನಂತೆ ಅರಳುತ್ತದೆ ಎನ್ನುವವರನ್ನು ತರಬೇತಿಗಳಲ್ಲಿ ಕೇಳಿದ್ದೇನೆ. ಅವರ ಮನೆಯಲ್ಲಿ ಪುಸ್ತಕದ ಕಪಾಟು ಇರುತ್ತದೆ, ಮಲಗುವಾಗ ಕತೆ ಓದುವ ಅಪ್ಪ ಇರುತ್ತಾನೆ. ನಮ್ಮ ಮಕ್ಕಳಿಗೆ ನಾವೇ ಕಪಾಟು, ನಾವೇ ಅಪ್ಪ. ಅಕ್ಷರವನ್ನು ಕ್ರಮವಾಗಿ, ದಿನವೂ, ಬಾಯಿ ಬಿಟ್ಟು ಕಲಿಸಲೇಬೇಕು.

ಅದರಲ್ಲಿಯೂ ನಮ್ಮ ಲಿಪಿಗೆ ಸಮಯ ಬೇಕು. ಒಂದು ವ್ಯಂಜನಕ್ಕೆ ಕ ಕಾ ಕಿ ಕೀ ಎಂದು ಕಃ ವರೆಗೆ ಹದಿನೈದು ರೂಪ. ಮೂವತ್ತನಾಲ್ಕು ವ್ಯಂಜನಕ್ಕೆ 510. ಇದರ ಮೇಲೆ ಒತ್ತಕ್ಷರಗಳು. ಇಂಗ್ಲಿಷಿನ ಮಗು ಇಪ್ಪತ್ತಾರು ಅಕ್ಷರ ಕಲಿತು ಮುಗಿಸುತ್ತದೆ. ಅದರ ಕಷ್ಟ ಶುರುವಾಗುವುದು ಆಮೇಲೆ, ಸ್ಪೆಲ್ಲಿಂಗಿನಲ್ಲಿ. ನಮ್ಮದು ಸದ್ದಿಗೆ ಪ್ರಾಮಾಣಿಕವಾದ ಲಿಪಿ, ಆದರೆ ವಿಸ್ತಾರವಾದದ್ದು. ಕನ್ನಡ ಮಕ್ಕಳ ಓದಿನ ಬಗ್ಗೆ ಸಂಶೋಧನೆ ಮಾಡಿದ ಸೋನಾಲಿ ನಾಗ್ 2007ರಲ್ಲಿಯೇ ತೋರಿಸಿದ್ದರು: ಅಕ್ಷರಗಳ ಮೇಲಿನ ಹಿಡಿತ ಒಂದೆರಡು ವರ್ಷಕ್ಕೆ ಮುಗಿಯುವುದಿಲ್ಲ, ನಾಲ್ಕನೇ ತರಗತಿಯ ಹೊತ್ತಿಗೂ ಬೆಳೆಯುತ್ತಲೇ ಇರುತ್ತದೆ. ಆದ್ದರಿಂದ ಒಂದನೇ ತರಗತಿಯ ಡಿಸೆಂಬರಿನಲ್ಲಿ ‘ಇನ್ನೂ ಔತ್ವ ಬರುವುದಿಲ್ಲ’ ಎಂದು ಮಗುವಿನ ತಾಯಿಯನ್ನು ಕರೆಸಬೇಡಿ. ಔತ್ವ ಇರುವ ಪದ ಆ ತಾಯಿಗೂ ದಿನಕ್ಕೆ ಒಂದು ಬೇಕಾಗುವುದಿಲ್ಲ. ಹಾಗೆಯೇ ನಾಲ್ಕನೇ ತರಗತಿಗೆ ಬಂದ ಕೂಡಲೇ ಅಕ್ಷರದ ಪಾಠ ಮುಗಿಯಿತು ಎಂದು ಬಾಗಿಲು ಹಾಕಲೂ ಬೇಡಿ.

ಕಲಿಸುವಾಗ ಗಮನಿಸಬೇಕಾದ ಕೆಲವು ಸೂಕ್ಷ್ಮಗಳಿವೆ. ಇವನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ, ಮಕ್ಕಳ ತಪ್ಪುಗಳಿಂದ ಕಲಿತೆ. ಹೆಚ್ಚಿನ ಒತ್ತುಗಳು ಮೂಲಾಕ್ಷರದ ಮರಿಗಳಂತೆ ಕಾಣುತ್ತವೆ: ಪ್ಪ, ಕ್ಕ, ಜ್ಜ, ಣ್ಣ. ತಲೆಕಟ್ಟು ಇದ್ದರೆ ತೆಗೆದು ಕೆಳಗೆ ಕೂರಿಸಿದರೆ ಆಯಿತು. ತ, ನ, ಮ, ಯ, ರ, ಲ ಈ ಆರರ ಒತ್ತು ಮಾತ್ರ ತಾಯಿಯನ್ನು ಹೋಲುವುದಿಲ್ಲ. ಅಂದರೆ ಅಪ್ಪ ಸುಲಭ, ಅಮ್ಮ ಕಷ್ಟ. ಇದನ್ನು ಮಕ್ಕಳಿಗೆ ಹೇಳಿ. ಅವು ನಕ್ಕು ನೆನಪಿಟ್ಟುಕೊಳ್ಳುತ್ತವೆ. ಅಪ್ಪ, ಅಕ್ಕ, ಅಜ್ಜಗಳಿಂದ ಒತ್ತಿನ ಕಲ್ಪನೆ ತಲೆಗೆ ಹೋದ ಮೇಲೆ ಅಮ್ಮ, ಅನ್ನ, ಇಲ್ಲ, ಹತ್ತು ಎಂದು ಈ ಆರಕ್ಕೆ ಬನ್ನಿ. ಆರೇ ಆರು. ಗೋಡೆಯ ಮೇಲೆ ಒಂದು ಹಾಳೆ ಸಾಕು.

ಅರ್ಕಾವೊತ್ತಿನ ಕತೆ ಬೇರೆ. ಸೂರ್ಯ ಎಂಬುದನ್ನು ಮಗು ‘ಸೂಯರ’ ಎಂದು ಓದಿದರೆ ನಗಬೇಡಿ. ಎಡದಿಂದ ಬಲಕ್ಕೆ ಓದು ಎಂದು ನಾವೇ ಹೇಳಿಕೊಟ್ಟಿದ್ದೇವೆ. ಕಣ್ಣಿಗೆ ಯ ಮೊದಲು ಕಾಣುತ್ತದೆ, ರ ಆಮೇಲೆ. ಮಗು ನಿಯಮ ಪಾಲಿಸಿದೆ, ಲಿಪಿ ಮುರಿದಿದೆ. ತಮಾಷೆ ನೋಡಿ, ನಮ್ಮ ಶಾಲೆಯ ನಾಮಫಲಕದಲ್ಲಿ ಮೊದಲ ಪದವೇ ‘ಸರ್ಕಾರಿ’, ಮುಂದೆ ‘ಪ್ರಾಥಮಿಕ’. ಒಂದರಲ್ಲಿ ರ ಮೊದಲು ಉಚ್ಚಾರವಾಗಿ ಕೊನೆಗೆ ಬರೆಯಲ್ಪಡುತ್ತದೆ, ಇನ್ನೊಂದರಲ್ಲಿ ಅದೇ ರ ಪಾದದಡಿ ಸೇರುತ್ತದೆ. ಒಂದನೇ ತರಗತಿಯ ಮಗುವಿಗೆ ಶಾಲೆಯ ಗೇಟೇ ಅತ್ಯಂತ ಕಷ್ಟದ ಪಾಠ.

ಮ ಮತ್ತು ವು ಇನ್ನೊಂದು ತೊಡಕು. ‘ಹಾವು’ ಎಂಬುದನ್ನು ‘ಹಾಮ’ ಎಂದು ಓದುವ ಮಗುವಿಗೆ ಕಣ್ಣು ಪರೀಕ್ಷೆ ಬೇಡ. ಎರಡನ್ನೂ ದೊಡ್ಡದಾಗಿ ಪಕ್ಕಪಕ್ಕ ಬರೆದು, ಕೊಂಬು ಎಲ್ಲಿಂದ ಹೊರಡುತ್ತದೆ ಎಂದು ಬೆರಳಿನಲ್ಲಿ ತೀಡಿಸಬೇಕು. ಬ ಭ, ದ ಧ ಥ, ಪ ಷ ಫ ಗಳನ್ನು ಒಂದೇ ವಾರದಲ್ಲಿ ಕಲಿಸುವವರನ್ನು ಕಂಡಿದ್ದೇನೆ. ಹೋಲುವವನ್ನು ದೂರ ದೂರ ಇಡಿ, ಒಂದು ಗಟ್ಟಿಯಾದ ಮೇಲೆ ಇನ್ನೊಂದನ್ನು ತನ್ನಿ. ಹ್ರಸ್ವ ದೀರ್ಘಕ್ಕೆ ನನ್ನ ಬಳಿ ಇದ್ದ ಮದ್ದು ಜೋಡಿಪದಗಳು: ಬಳೆ–ಬಾಳೆ, ಹಳೆ–ಹಾಳೆ, ಅಳು–ಆಳು, ಬಿಡು–ಬೀಡು. ಒತ್ತಿಗೆ ಎಲ್ಲಕ್ಕಿಂತ ಒಳ್ಳೆಯ ಜೋಡಿ ಕತೆ–ಕತ್ತೆ. ‘ಮಿಸ್ ಇವತ್ತು ನಮಗೆ ಕತ್ತೆ ಹೇಳಿದರು’ ಎಂದು ಹಲಗೆಯ ಮೇಲೆ ಬರೆದು ಓದಿಸಿದರೆ ಒತ್ತು ಎಷ್ಟು ಬೆಲೆಯದ್ದು ಎಂದು ಯಾರೂ ವಿವರಿಸಬೇಕಾಗಿಲ್ಲ.

ಈಗ ಒಂದು ನಾಜೂಕಿನ ವಿಷಯ. ನಮ್ಮ ಕಡೆಯ ಮಕ್ಕಳ ಬಾಯಲ್ಲಿ ಹಕಾರ ಬೀಳುತ್ತದೆ. ಪಾಠದಲ್ಲಿ ‘ಹಕ್ಕಿ’ ಇದ್ದರೆ ‘ಅಕ್ಕಿ’ ಎಂದು ಓದುತ್ತಾರೆ. ನಾವು ತಕ್ಷಣ ತಡೆದು, ‘ಹ, ಹ ಎನ್ನು’ ಎಂದು ಎದೆಯಿಂದ ಉಸಿರು ಹೊರಡಿಸುತ್ತೇವೆ. ಹಾಗೆ ತಡೆಯುವ ಮೊದಲು ಒಂದು ಪ್ರಶ್ನೆ ಕೇಳಿ: “ಅದು ಏನು ಮಾಡುತ್ತಿದೆ?” ಮಗು “ಹಾರುತ್ತಿದೆ” ಎಂದರೆ, ‘ಆರುತ್ತಿದೆ’ ಎಂದರೂ ಸರಿಯೇ, ಅದು ಓದಿದೆ. ಅದರ ಮನೆಯ ಉಚ್ಚಾರದಲ್ಲಿ ಓದಿದೆ. ‘ಬೇಯುತ್ತಿದೆ’ ಎಂದರೆ ಮಾತ್ರ ಓದಿಲ್ಲ. ಬರೆಯುವಾಗ ಹ ಬೇಕು, ಅದನ್ನು ಕಲಿಸೋಣ. ಓದುವ ಬಾಯಿಯನ್ನು ಕಟ್ಟುವುದು ಬೇಡ. ಮಹಾಪ್ರಾಣವೂ ಹಾಗೆಯೇ. ಈ ಸಭಾಂಗಣದಲ್ಲಿ ಬೆಳಿಗ್ಗೆಯಿಂದ ಎಷ್ಟು ಜನ ‘ಶಿಕ್ಷಣ ವ್ಯವಸ್ತೆ’ ಎಂದರು, ನಾನು ಎಣಿಸಿದ್ದೇನೆ. ಹೆಸರು ಹೇಳುವುದಿಲ್ಲ.

ಮನೆಮಾತು ಕನ್ನಡವೇ ಅಲ್ಲದ ಮಕ್ಕಳದ್ದು ಇನ್ನೂ ದೂರದ ದಾರಿ. ಹೆಗ್ಗಡದೇವನಕೋಟೆ ತಾಲ್ಲೂಕಿನ ಆದಿವಾಸಿ ಹಾಡಿಗಳಲ್ಲಿ ಜೇನುಕುರುಬರ ಮಾತು, ತಾಂಡಾಗಳಲ್ಲಿ ಲಂಬಾಣಿ, ಪೇಟೆಯ ಮಗ್ಗುಲಲ್ಲಿ ಉರ್ದು, ಗಡಿಯಲ್ಲಿ ತೆಲುಗು, ಮರಾಠಿ. ಆ ಮಗು ‘ಅರಸ’ ಎಂದು ಸ್ಪಷ್ಟವಾಗಿ ಓದಿದರೂ ಅದಕ್ಕೆ ಅದು ಬರೀ ಸದ್ದು. ‘ಇವತ್ತಿನ ಮಾತಿ’ಗೆ ಅದರ ಸರದಿ ಬಂದಾಗ ಅದರ ಮಾತಿನಲ್ಲಿಯೇ ಹೇಳಲಿ; ಕನ್ನಡ ಲಿಪಿಯಲ್ಲಿಯೇ ಬರೆಯಿರಿ, ಕೆಳಗೆ ಕನ್ನಡದಲ್ಲಿ ಬರೆಯಿರಿ. ಉಳಿದ ಮಕ್ಕಳು ಹೊಸ ಮಾತು ಕಲಿಯುತ್ತಾರೆ, ಆ ಮಗುವಿನ ಬೆನ್ನು ನೆಟ್ಟಗಾಗುತ್ತದೆ. ಹಾಡಿಯ ಒಂದು ಹುಡುಗಿ ಒಂದಿಡೀ ವರ್ಷ ನನ್ನ ತರಗತಿಯಲ್ಲಿ ಬಾಯಿ ಬಿಡಲಿಲ್ಲ. ಈ ಉಪಾಯ ನನಗೆ ಆಗ ಹೊಳೆದಿರಲಿಲ್ಲ. ಅವಳು ಮರುವರ್ಷ ಬರಲಿಲ್ಲ.

ಮಕ್ಕಳಿಗೆ ಓದಿ ಹೇಳುವುದರ ಬಗ್ಗೆ ಹೆಚ್ಚು ಹೇಳುವುದಿಲ್ಲ, ಏಕೆಂದರೆ ಅದಕ್ಕೆ ವಾದವೇ ಬೇಕಾಗಿಲ್ಲ. ನಮ್ಮ ಊರುಗಳಲ್ಲಿ ಒಬ್ಬರು ಕಾವ್ಯ ವಾಚಿಸುತ್ತಿದ್ದರು, ಇನ್ನೊಬ್ಬರು ಅರ್ಥ ಹೇಳುತ್ತಿದ್ದರು, ಅಕ್ಷರ ಬಾರದ ನೂರು ಜನ ಜಗಲಿಯ ಮೇಲೆ ಕುಳಿತು ಕಣ್ಣೀರು ಹಾಕುತ್ತಿದ್ದರು. ಅರ್ಥದ ರುಚಿ ಅಕ್ಷರಕ್ಕಿಂತ ಮೊದಲು ಬರಬಹುದು ಎಂಬುದು ನಮಗೆ ಹೊಸದಲ್ಲ. ದಿನಕ್ಕೆ ಒಂದು ಕತೆ, ಪುಸ್ತಕ ಕೈಯಲ್ಲಿ ಹಿಡಿದು, ಪುಟ ಮಕ್ಕಳ ಕಡೆ ತಿರುಗಿಸಿ. ಪುಸ್ತಕ ಇಲ್ಲ ಎನ್ನಬೇಡಿ. ಪುಸ್ತಕಗಳಿವೆ, ಬೀರುವಿನಲ್ಲಿವೆ, ಬೀರುವಿಗೆ ಬೀಗವಿದೆ, ಬೀಗದ ಕೈ ಮುಖ್ಯ ಶಿಕ್ಷಕರ ಬಳಿ ಇದೆ, ಅವರು ತಾಲ್ಲೂಕು ಕಚೇರಿಗೆ ಹೋಗಿದ್ದಾರೆ. ಪುಸ್ತಕ ಹರಿದರೆ ದಾಸ್ತಾನು ವಹಿಯಲ್ಲಿ ಏನು ಬರೆಯುವುದು ಎಂಬ ಭಯ. ಹರಿಯದ ಪುಸ್ತಕವನ್ನು ಯಾರೂ ಓದಿಲ್ಲ ಎಂದೇ ಅರ್ಥ. ನನ್ನ ಕೊನೆಯ ಶಾಲೆಯಲ್ಲಿ ತೆಂಗಿನ ನಾರಿನ ಹಗ್ಗ ಕಟ್ಟಿ ಪುಸ್ತಕಗಳನ್ನು ಬಟ್ಟೆ ಒಣಹಾಕಿದಂತೆ ತೂಗುಹಾಕಿದ್ದೆವು. ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೂ ಮಕ್ಕಳನ್ನು ಕರೆದೊಯ್ಯಿರಿ. ಮೊಬೈಲ್ ಇದ್ದರೆ, ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಮಕ್ಕಳ ಕತೆಗಳು ಉಚಿತವಾಗಿ ಸಿಗುತ್ತವೆ, ಮುದ್ರಿಸಿಕೊಳ್ಳಬಹುದು.

ಗುಂಪಿನಲ್ಲಿ ಒಟ್ಟಿಗೆ ಕೂಗಿ ಓದುವುದನ್ನು ಮಾತ್ರ ನಂಬಬೇಡಿ. ಒಮ್ಮೆ ಅಧಿಕಾರಿಯೊಬ್ಬರು ಬಂದಾಗ ನನ್ನ ಮಕ್ಕಳು ಇಡೀ ಪಾಠವನ್ನು ಗಡಗಡ ಓದಿದರು. ಅವರು ಮೆಚ್ಚಿ ಹೋದ ಮೇಲೆ ನೋಡಿದರೆ ಹಿಂದಿನ ಸಾಲಿನ ಹುಡುಗಿಯೊಬ್ಬಳ ಪುಸ್ತಕ ತಲೆಕೆಳಗಾಗಿತ್ತು. ಅವಳೇ ಎಲ್ಲರಿಗಿಂತ ಗಟ್ಟಿಯಾಗಿ ಓದಿದ್ದಳು.

ಬರವಣಿಗೆಗೆ ಬರುತ್ತೇನೆ. ಇಲ್ಲಿ ನಮ್ಮ ಅಪರಾಧ ಹೆಚ್ಚು. ಕಳೆದ ದಶಕದಲ್ಲಿ ಶೈಲಜಾ ಮೆನನ್ ಮತ್ತು ಸಂಗಡಿಗರು ನಮ್ಮ ಯಾದಗಿರಿಯಲ್ಲಿಯೂ ಮಹಾರಾಷ್ಟ್ರದ ವಾಡಾದಲ್ಲಿಯೂ ಮಕ್ಕಳನ್ನು ಒಂದರಿಂದ ಮೂರನೇ ತರಗತಿಯವರೆಗೆ ಹಿಂಬಾಲಿಸಿ ಅಧ್ಯಯನ ಮಾಡಿದರು. ಅವರು ಕಂಡದ್ದರಲ್ಲಿ ಒಂದು ಹೀಗಿತ್ತು: ಬರವಣಿಗೆ ಎಂದರೆ ಹೆಚ್ಚಾಗಿ ನಕಲು, ಸ್ವಂತದ್ದನ್ನು ಬರೆಯುವ ಅವಕಾಶ ಮಕ್ಕಳಿಗೆ ಸಿಗುವುದು ಅಪರೂಪ. ನಮಗೆ ಇದು ಹೊಸ ಸುದ್ದಿಯೇ? ಕಾಪಿ ಪುಸ್ತಕ, ಉಕ್ತಲೇಖನ, ತಪ್ಪಿದ ಪದ ಹತ್ತು ಸಲ. ಐದನೇ ತರಗತಿಗೆ ಬಂದಾಗ ಒಂದು ರಜಾ ಅರ್ಜಿ. ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂದು ಶುರುವಾಗುವ ಆ ಅರ್ಜಿಯಲ್ಲಿ ರಾಜ್ಯದ ಎಲ್ಲ ಮಕ್ಕಳಿಗೂ ಜ್ವರ. ಅಕ್ಕನ ಮದುವೆಗೆಂದು ರಜೆ ಕೇಳಿದ ಮಗುವನ್ನು ನಾನು ಕಂಡಿಲ್ಲ. ಅದಕ್ಕಾಗಿ ರಜೆ ಹಾಕಿದ ಮಕ್ಕಳನ್ನು ನೂರಾರು ಕಂಡಿದ್ದೇನೆ.

ದುಂಡಗೆ ಬರೆಯುವುದು ಬೇಡ ಎನ್ನುವುದಿಲ್ಲ. ಕೈಗೆ ಅಭ್ಯಾಸ ಬೇಕು. ಮರಳಿನಲ್ಲಿ, ಸ್ಲೇಟಿನಲ್ಲಿ, ನೆಲದ ಮೇಲೆ ಬಳಪದಲ್ಲಿ ತೋಳಿನ ತುಂಬ ದೊಡ್ಡ ಅಕ್ಷರ ಬರೆಸಿ, ಆಮೇಲೆ ಪೆನ್ಸಿಲ್ಲು. ಆದರೆ ಅದು ಕೈಯ ಕೆಲಸ. ಬರವಣಿಗೆ ಶುರುವಾಗುವುದು ಹೇಳಲು ಏನಾದರೂ ಇದ್ದಾಗ, ಕೇಳಲು ಯಾರಾದರೂ ಇದ್ದಾಗ.

ನನ್ನ ಮೂರನೇ ತರಗತಿಯ ಮಕ್ಕಳು ಬಿಸಿಯೂಟದ ಸಾಂಬಾರಿನ ಬಗ್ಗೆ ದಿನವೂ ಗೊಣಗುತ್ತಿದ್ದರು. ನನ್ನ ಬಳಿ ಏಕೆ ಹೇಳುತ್ತೀರಿ, ಅಡುಗೆಯ ಅಕ್ಕನಿಗೆ ಬರೆಯಿರಿ ಎಂದೆ. ಒಬ್ಬಳು ಬರೆದದ್ದು ಇನ್ನೂ ನನ್ನ ಬಳಿ ಇದೆ: “ಅಕ ಸಾಬರಿಗೆ ನುಗೆಕಯಿ ಹಾಕು ನಿನ ಕೈ ರುಚಿ ಇದೆ ಆದರೆ ನೀರು ಜಸ್ತಿ.” ಇದನ್ನು ಕೆಂಪು ಶಾಯಿಯಲ್ಲಿ ತಿದ್ದಲು ಕುಳಿತರೆ ಹಾಳೆ ರಕ್ತಸಿಕ್ತವಾಗುತ್ತದೆ. ಸ್ವಲ್ಪ ನಿಂತು ಓದಿ. ಮೊದಲು ಕೋರಿಕೆ, ನಡುವೆ ಹೊಗಳಿಕೆ, ಕೊನೆಗೆ ದೂರು. ಎಂಟು ವರ್ಷದ ಹುಡುಗಿಗೆ ಇಷ್ಟು ನಯ ಯಾರು ಹೇಳಿಕೊಟ್ಟರು? ಇನ್ನು ತಪ್ಪುಗಳನ್ನು ನೋಡಿ. ಅಕ, ನುಗೆ, ನಿನ: ಮೂರರಲ್ಲಿಯೂ ಬಿಟ್ಟುಹೋದದ್ದು ಒತ್ತು. ಕಯಿ, ಜಸ್ತಿ: ಇಳಿ ಬಿದ್ದಿದೆ. ‘ಜಸ್ತಿ’ಯಲ್ಲಿ ತ ಒತ್ತನ್ನು ಸರಿಯಾಗಿ ಹಾಕಿದ್ದಾಳೆ. ಅಂದರೆ ಬೇರೆ ಬೇರೆ ವ್ಯಂಜನ ಕೂಡಿದಾಗ ಅವಳ ಕಿವಿಗೆ ಕೇಳುತ್ತದೆ, ಒಂದೇ ವ್ಯಂಜನ ಇಮ್ಮಡಿಯಾದಾಗ ಕೇಳುವುದಿಲ್ಲ. ನಾಳೆಯ ಪಾಠ ಏನೆಂದು ಆ ಹಾಳೆಯೇ ಹೇಳುತ್ತಿದೆ. ನಾನು ಪತ್ರವನ್ನು ತಿದ್ದಲಿಲ್ಲ. ಹಾಗೆಯೇ ಅಡುಗೆಮನೆಗೆ ಕಳುಹಿಸಿದೆ. ಮರುದಿನ ಕತೆ–ಕತ್ತೆ ಆಟ ಆಡಿಸಿದೆ. ಆ ವಾರ ನುಗ್ಗೆಕಾಯಿಯೂ ಬಂತು. ಬರೆದರೆ ನುಗ್ಗೆಕಾಯಿ ಬರುತ್ತದೆ ಎಂದು ತಿಳಿದ ಮೇಲೆ ಆ ಮಕ್ಕಳನ್ನು ತಡೆಯುವುದೇ ಕಷ್ಟವಾಯಿತು. ಪಂಚಾಯಿತಿಗೆ ಬೀದಿದೀಪದ ಬಗ್ಗೆ ಬರೆದರು, ನನಗೆ ನನ್ನ ಕೋಪದ ಬಗ್ಗೆ ಬರೆದರು.

ಕೊನೆಯದಾಗಿ ನಾಲ್ಕು, ಐದನೇ ತರಗತಿಗೆ ಬಂದರೂ ಓದಲು ಬಾರದ ಮಕ್ಕಳು. ಹಳ್ಳಿಯ ಮಕ್ಕಳ ಕಲಿಕೆಯನ್ನು ಅಳೆಯುವ ಅಸರ್ ಸಮೀಕ್ಷೆಯ 2022ರ ವರದಿಯ ಪ್ರಕಾರ ಗ್ರಾಮೀಣ ಭಾರತದ ಮೂರನೇ ತರಗತಿಯ ಮಕ್ಕಳಲ್ಲಿ ಎರಡನೇ ತರಗತಿಯ ಪಠ್ಯವನ್ನು ಓದಬಲ್ಲವರು ಶೇ 20.5, 2024ರಲ್ಲಿ ಅದು ಶೇ 27.1ಕ್ಕೆ ಏರಿತು. ಏರಿತು ಎಂದು ಸಮಾಧಾನಪಡುವ ಅಂಕಿ ಇದಲ್ಲ. ಈ ಮಕ್ಕಳನ್ನು ಮತ್ತೆ ‘ಅ ಅರಸ’ಕ್ಕೆ ಕೂರಿಸಬೇಡಿ. ಹತ್ತು ವರ್ಷದ ಹುಡುಗನಿಗೆ ಮೀಸೆಯ ಕನಸು ಶುರುವಾಗಿರುತ್ತದೆ. ತಮ್ಮನ ಪುಸ್ತಕ ಕೈಗೆ ಕೊಟ್ಟರೆ ಅವಮಾನವಾಗುತ್ತದೆ. ದಿನಕ್ಕೆ ಒಂದು ಗಂಟೆ, ತರಗತಿ ಬಿಟ್ಟು ಓದಿನ ಮಟ್ಟದ ಮೇಲೆ ಗುಂಪು ಮಾಡಿ. ಬಸ್ಸಿನ ಬೋರ್ಡು, ಕ್ರಿಕೆಟ್ ಆಟಗಾರರ ಹೆಸರು, ಗೊಬ್ಬರದ ಚೀಲ, ಸಿನಿಮಾ ಪೋಸ್ಟರು ಇವೇ ಪಠ್ಯ. ಐದನೇ ತರಗತಿಯ ಒಬ್ಬ ಹುಡುಗಿ ಪುಸ್ತಕ ಕೊಟ್ಟರೆ ಅಳುತ್ತಿದ್ದಳು. ಸಂತೆಗೆ ಹೋಗುವಾಗ ಯಾವ ಬಸ್ಸು ಎಂದು ಅಜ್ಜಿಗೆ ಹೇಳುವವಳು ಅವಳೇ. ‘ಹುಣಸೂರು’ ಎಂದು ಅವಳು ಓದುತ್ತಿದ್ದಳೋ, ಆಕಾರ ನೋಡಿ ಗುರುತಿಸುತ್ತಿದ್ದಳೋ? ಮೊದಲು ಆಕಾರವೇ ಇರಬಹುದು. ಹುಣಸೂರನ್ನು ಒಡೆದು ಹು, ಣ, ಸೂ, ರು ಮಾಡಿದೆವು. ಹು ವಿನಿಂದ ಹುಳ, ಸೂ ವಿನಿಂದ ಸೂಜಿ. ಬಸ್ಸಿನ ಬೋರ್ಡಿನಿಂದಲೇ ಕಾಗುಣಿತ ಇಳಿದು ಬಂತು.

ಪ್ರಶ್ನೆಗಳ 
ಹೊತ್ತಿನಲ್ಲಿ ಒಬ್ಬ ಮೇಷ್ಟ್ರು ಎದ್ದು, “ಮೇಡಂ, ನಾನು ಏಕೋಪಾಧ್ಯಾಯ. ಮೊಟ್ಟೆಯ ಲೆಕ್ಕ, ಹಾಜರಾತಿಯ ಆ್ಯಪ್ಪು, ಜನಗಣತಿ ಎಲ್ಲ ನನ್ನ ತಲೆಯ ಮೇಲಿದೆ. ನೀವು ಹೇಳಿದ್ದಕ್ಕೆ ಸಮಯ ಎಲ್ಲಿದೆ?” ಎಂದು ಕೇಳಿದರು. ಚಪ್ಪಾಳೆ ಬಂತು; ನನ್ನ ಉಪನ್ಯಾಸಕ್ಕೆ ಬಂದದ್ದಕ್ಕಿಂತ ಜೋರಾಗಿ. ಅವರು ಹೇಳಿದ್ದು ನಿಜ, ಅದಕ್ಕೆ ನನ್ನ ಬಳಿ ಉತ್ತರವಿಲ್ಲ. ಹದಿನೈದು ನಿಮಿಷವನ್ನು ಮಾತ್ರ ಹೇಗಾದರೂ ಕದಿಯಿರಿ ಎಂದೆ. ನಾನು ಕದ್ದದ್ದು ಪ್ರಾರ್ಥನೆಯ ನಂತರದ ಭಾಷಣದಿಂದ.

ಆಮೇಲೆ ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟು, ಈ ವಾರ ನಿಮ್ಮ ತರಗತಿಯ ಮಗುವೊಂದು ಹೇಳಿದ ಒಂದು ಮಾತನ್ನು, ಅದು ಹೇಳಿದ ಹಾಗೆಯೇ ಬರೆದುಕೊಡಿ ಎಂದು ಕೇಳಿದೆ. ಅರ್ಧದಷ್ಟು ಚೀಟಿಗಳು ಖಾಲಿ ಬಂದವು. ಉಳಿದವುಗಳಲ್ಲಿ ಹೆಚ್ಚಿನವು ‘ಮಿಸ್, ನೀರು ಕುಡಿಯಲು ಹೋಗಲೇ’. ಹಿಂದಿನ ಸಾಲಿನಲ್ಲಿದ್ದ, ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬದ ಶಿಕ್ಷಕಿಯೊಬ್ಬರ ಚೀಟಿಯಲ್ಲಿ ಹೀಗಿತ್ತು: “ನಮ್ಮ ಅಜ್ಜಿಗೆ ಹಲ್ಲಿಲ್ಲ, ಆದರೂ ಚಕ್ಕುಲಿ ತಿನ್ನುತ್ತಾಳೆ.” ಒಂದನೇ ತರಗತಿಯ ಮಗು. ಒತ್ತಕ್ಷರ ಎಣಿಸಿದೆ, ಏಳು.